ಹಿಂದಿನ ಕೋಣೆಯ ತಟ್ಟೆ

ಮಾರ್ಚ್ 3, ಮಂಗಳವಾರ

ಮಾವ ಒಪ್ಪಿಬಿಟ್ಟರು — ಲಾಡ್ಜಿನ ವೈಫೈ, ಕ್ಯಾಮೆರಾ, ಗೋಡೆಯೊಳಗೆ ಓಡುವ ಅಷ್ಟೂ ಕೇಬಲ್ಲು ಇನ್ನು ಮೇಲೆ ನನ್ನ ಸುಪರ್ದಿ! ಪೇಪರಿನಿಂದ ತಲೆ ಎತ್ತಲಿಲ್ಲ. "ಇನ್ಮೇಲೆ ಅದನ್ನೆಲ್ಲ ನೀನೇ ನೋಡ್ಕೊಳ್ಳಮ್ಮ" ಅಂದರು, ಪುಟ ತಿರುಗಿಸಿದರು. ಅಷ್ಟೇ. ನನಗೆ ಅಲ್ಲೇ ಕುಣಿಯಬೇಕೆನಿಸಿತು. ಹೊಸ ಸೊಸೆ, ತಿಂಡಿಯ ಮೇಜು, ಎದುರಿಗೆ ಅತ್ತೆ... ಸುಮ್ಮನೆ ಬ್ರೆಡ್ಡಿಗೆ ಬೆಣ್ಣೆ ಸವರಿದೆ. ಸವರಿದ್ದಕ್ಕೇ ಮತ್ತೆ ಸವರಿದೆ.

ಇವನು ಮೇಜಿನ ಕೆಳಗೆ ನನ್ನ ಕಾಲು ತುಳಿದ. ಶಭಾಷ್ ಎಂದರ್ಥ. ನನ್ನ ಗಂಡನಷ್ಟು ಮುದ್ದು ಗಂಡ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಎರಡು ತಿಂಗಳ ಅನುಭವದಿಂದ ಹೇಳುತ್ತಿದ್ದೇನೆ. ಎಲ್ಲರೆದುರು ಇವನನ್ನು "ನೀವು" ಅನ್ನಬೇಕು, ಕೋಣೆಯೊಳಗೆ "ನೀನು". ಮೆಟ್ಟಿಲ ಮೇಲೆ ಏನೆನ್ನಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿ "ರೀ, ನೀನು" ಎಂದುಬಿಡುತ್ತೇನೆ.

ಇಷ್ಟು ದಿನ ಇದೆಲ್ಲ ಅತ್ತಿಗೆಯ ಕೈಯಲ್ಲಿತ್ತು. ಇವನ ಅಕ್ಕ. ಕೆಲಸ ಸಿಕ್ಕಿ ದೂರದ ಊರಿಗೆ ಹೋಗಿ ವರ್ಷವಾಯಿತು. ಆದರೂ ಈ ಮನೆಯಲ್ಲಿ ಬಲ್ಬು ಮಿಣುಕಿದರೂ ಮಾತು ಶುರುವಾಗುವುದು "ಅವಳಿದ್ದಿದ್ರೆ..." ಎಂದೇ. ಲಾಡ್ಜಿಗೆ ನೆಟ್‌ವರ್ಕ್ ಎಳೆದವಳು ಅವಳು. ಏಣಿ ಹತ್ತಿದವಳು ಅವಳು. ಗೋಡೆ ಕೊರೆದವಳು ಅವಳು. ಮದುವೆಯಲ್ಲಿ ನೋಡಿದ್ದೇನೆ. ಎತ್ತರ. ನಗುವಾಗ ಇವನ ಹಾಗೇ ಒಂದು ಕಣ್ಣು ಅರ್ಧ ಮುಚ್ಚುತ್ತಾಳೆ. ಆ ಅರ್ಧ ಮುಚ್ಚಿದ ಕಣ್ಣು ಇವನೊಬ್ಬನ ಸ್ವತ್ತು ಅಂದುಕೊಂಡಿದ್ದೆ ನಾನು!

ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಡೈರಿಯೂ ಹಾಗೇ ಬರೆಯುತ್ತಿದ್ದೆ. ಈ ಮನೆಗೆ ಬಂದ ಮೇಲೆ ಕನ್ನಡಕ್ಕೆ ಬಂದೆ. ಇಂಗ್ಲಿಷಿನಲ್ಲಿ ಹೊಟ್ಟೆ ಸರಿಯಾಗಿ ಉರಿಯುವುದಿಲ್ಲ.

ಮಾರ್ಚ್ 4, ಬುಧವಾರ

ಹೊಸ ಆಕ್ಸೆಸ್ ಪಾಯಿಂಟ್ ಬಂತು, ವೈಫೈ ಬೀರುವ ಸಾಧನ. ಈ ಮನೆಯಲ್ಲಿ ಅದಕ್ಕೆ "ತಟ್ಟೆ" ಅನ್ನುತ್ತಾರೆ. ಚಾವಣಿಗೆ ಕವುಚಿ ಅಂಟಿಸಿದ ಬಿಳಿ ಊಟದ ತಟ್ಟೆಯ ಹಾಗೇ ಇರುತ್ತದೆ, ತಪ್ಪೇನಿಲ್ಲ. ಮಹಡಿಗೊಂದು ತಟ್ಟೆ, ಡೈನಿಂಗ್ ಹಾಲ್‌ಗೊಂದು, ಹಿತ್ತಲಾಚೆ ಇವನ ಅಜ್ಜಿಯ ಕೋಣೆಗೊಂದು. ಎಲ್ಲ ಅತ್ತಿಗೆ ಹಾಕಿದ್ದು. ಡೈನಿಂಗ್ ಹಾಲ್‌ನದನ್ನು ಇಳಿಸಿ ನನ್ನದು ಏರಿಸುತ್ತಿದ್ದೇನೆ. ದೊಡ್ಡದು, ಹೊಳೆಯುವಂಥದು, ಹಳೆಯದರ ಅಪ್ಪನಂತಿದೆ. ಹತ್ತೊಂಬತ್ತನೇ ತಾರೀಕು ನರ್ಸಿಂಗ್ ಕಾಲೇಜಿನ ಹುಡುಗಿಯರು ಅದೇ ಹಾಲ್‌ನಲ್ಲಿ ಕೂತು ಆನ್‌ಲೈನ್ ಪರೀಕ್ಷೆ ಬರೆಯಬೇಕು. ಮಾವ ಆ ಬುಕಿಂಗಿಗೆ ಹೂಂ ಅಂದದ್ದೇ ನನ್ನ ಧೈರ್ಯದ ಮೇಲೆ. "ಸೊಸೆ ಕಂಪ್ಯೂಟರ್ ಓದಿದ್ದಾಳೆ" ಎಂದು ಫೋನಿನಲ್ಲಿ ಕಾಲೇಜಿನವರಿಗೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಆಹಾ!

ಲಾಡ್ಜಿನ ಮೀಸೆ ಮ್ಯಾನೇಜರ್ ಏಣಿ ಹಿಡಿದರು. ನಾನು ಹತ್ತಿದೆ. "ಅಕ್ಕಾವ್ರು ಏಣಿ ಹಿಡಿಸ್ಕೊಳ್ತಾನೇ ಇರ್ಲಿಲ್ಲ" ಅಂದರು. ಕೇಳಿರಲಿಲ್ಲ ನಾನು.

ತಟ್ಟೆಗೆ ಬೇರೆ ಪ್ಲಗ್ ಇಲ್ಲ. ನೆಟ್ಟು, ಕರೆಂಟು ಎರಡೂ ಒಂದೇ ಕೇಬಲ್ಲಿನಲ್ಲಿ ಬರುತ್ತವೆ, ಸ್ಟೋರ್ ರೂಮಿನ ಕಪಾಟಿನಲ್ಲಿ ಕೂತಿರುವ ಸ್ವಿಚ್ಚಿನಿಂದ. ದೀಪದ ಸ್ವಿಚ್ಚಲ್ಲ, ಕೇಬಲ್ ಚುಚ್ಚಲು ಎಂಟು ಪೋರ್ಟುಗಳಿರುವ ಕಬ್ಬಿಣದ ಡಬ್ಬಿ. ಕೇಬಲ್ ಚುಚ್ಚಿದೆ. ನೀಲಿ ದೀಪ ಹತ್ತಬೇಕು. ಹತ್ತಿದ್ದು ಹಳದಿ.

ನೆಟ್ ಬರುತ್ತದೆ. ಬರುತ್ತದೆ, ಅಷ್ಟೇ. ಮಾವ ವಿಡಿಯೊ ಹಾಕಿದರು, ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು. "ಹಳೇದೇ ವಾಸಿ ಇತ್ತೇನೋ ಅಲ್ವಾ?" ಎಂದರು ಅತ್ತೆ. ಕೊಂಕಿಗಲ್ಲ. ಅತ್ತೆಗೆ ಕೊಂಕು ಮಾತಾಡಲು ಬರುವುದಿಲ್ಲ. ಅದಕ್ಕೇ ಹೆಚ್ಚು ಚುಚ್ಚುತ್ತದೆ.

ಏಳು ಗಂಟೆ. ಇವನು ಎದ್ದು ಹೊರಟ. ದಿನವೂ ಏಳಕ್ಕೆ ಅಜ್ಜಿಯ ಕೋಣೆಗೆ ಹೋಗಲೇಬೇಕು. ಅಲ್ಲಿ ಟ್ಯಾಬ್ಲೆಟ್ಟಿನಲ್ಲಿ ಅತ್ತಿಗೆ ಪ್ರತ್ಯಕ್ಷ. ಅಜ್ಜಿಗೆ ಕಿವಿ ಸುತರಾಂ ಕೇಳಿಸುವುದಿಲ್ಲ, ತುಟಿ ನೋಡಿ ಮಾತು ಹಿಡಿಯುತ್ತಾರೆ. ಮೊಬೈಲಿನ ಸಣ್ಣ ಮುಖ ಅವರ ಕಣ್ಣಿಗೆ ಸಾಲದು. ಆ ಕೋಣೆಯ ದಪ್ಪ ಗೋಡೆಯೊಳಗೆ ಮೊಬೈಲ್ ಸಿಗ್ನಲ್ ಸುಳಿಯುವುದೂ ಇಲ್ಲ. ಹಾಗಾಗಿ ಟ್ಯಾಬ್ಲೆಟ್ಟೇ ಗತಿ. ಅಜ್ಜಿ, ಅಕ್ಕ, ತಮ್ಮ... ಮೂವರ ನಗು ಹಿತ್ತಲು ದಾಟಿ ನಮ್ಮ ಕೋಣೆಯ ಕಿಟಕಿಗೆ ಬಡಿಯುತ್ತದೆ. ನನ್ನನ್ನೂ ಕರೆಯುತ್ತಾರೆ. ಹೋಗಿಯೂ ಇದ್ದೇನೆ. ಯಾವುದೋ ಕಾಲದ ನಾಯಿ, ಯಾವುದೋ ಚರಂಡಿಗೆ ಬಿದ್ದ ಸೈಕಲ್ಲು. ನನಗೆ ಅರ್ಥವಾಗುವ ಹೊತ್ತಿಗೆ ಅವರ ನಗು ಮುಗಿದಿರುತ್ತದೆ.

ಮಾರ್ಚ್ 6, ಶುಕ್ರವಾರ

ಹಳದಿ. ಹಳದಿ. ಹಳದಿ.

ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಎಳೆ ಎಳೆಯ ಬಣ್ಣವೂ ಸರಿಯಾದ ಸಾಲಿನಲ್ಲಿದೆ. ಹಳದಿ. ಕೊನೆಗೆ ತಟ್ಟೆಯನ್ನೇ ಚಾವಣಿಯಿಂದ ಇಳಿಸಿ ಸ್ಟೋರ್ ರೂಮಿಗೆ ತಂದು, ಗೇಣುದ್ದದ ಕೇಬಲ್ಲಿನಿಂದ ಅದೇ ಪೋರ್ಟಿಗೆ ನೇರ ಚುಚ್ಚಿದೆ. ಆಗಲೂ ಹಳದಿಯೇ. ಅಂದರೆ ಗೋಡೆಯೊಳಗಿನ ಕೇಬಲ್ಲು ನಿರಪರಾಧಿ.

ಕಂಪನಿಯ ಸಹಾಯವಾಣಿಗೆ ಫೋನು. ಸಂಗೀತ. ಮತ್ತೆ ಸಂಗೀತ. ಆಮೇಲೊಂದು ದಣಿದ ಗಂಡು ದನಿ.

"ನಿಮ್ಮ ತಟ್ಟೆ... ಅಲ್ಲ, ನೀವು ಅಂದ್ರಿ ಅಂತ ನಾನೂ ಅಂದೆ, ಸಾರಿ. ನಿಮ್ಮ ಆಕ್ಸೆಸ್ ಪಾಯಿಂಟ್ ಕೆಟ್ಟಿಲ್ಲ ಮೇಡಂ. ಹಸಿದಿದೆ."

"ಏನಂದ್ರಿ?"

"ಕೇಬಲ್‌ನಲ್ಲಿ ಬರೋ ಪವರ್ ಸಾಲ್ತಾ ಇಲ್ಲ. ಅದಕ್ಕೆ ಇಪ್ಪತ್ತೈದು ವ್ಯಾಟ್ ತನಕ ಬೇಕು. ನಿಮ್ಮ ಸ್ವಿಚ್ಚು ಹದಿನೈದಕ್ಕೇ ಕೈ ತೊಳೀತಾ ಇರೋ ಹಾಗಿದೆ. ಅರೆಹೊಟ್ಟೇಲಿ ಅದು ಸಿಗ್ನಲ್ ಕಳಿಸೋ ಒಂದು ರೇಡಿಯೊ ಬಂದ್ ಮಾಡಿ ಅರ್ಧ ಕೆಲಸ ಮಾಡುತ್ತೆ. ಹಳದಿ ದೀಪ ಅಂದ್ರೆ ಅದೇ."

"ಸ್ವಿಚ್ಚಿಗೆ ಜಾಸ್ತಿ ಕೊಡೋ ತಾಕತ್ತಿದೆಯಾ?"

"ನೀವು ಹೇಳಿದ ಮಾಡೆಲ್‌ಗೆ ಇದೆ. ಸೆಟಿಂಗ್ಸ್ ಒಳಗೆ ಯಾರೋ ತಡೆ ಹಾಕಿರಬಹುದು, ನೋಡಿ."

ಯಾರೋ!

ಸೆಟಿಂಗ್ಸ್ ಒಳಗೆ ಹೋಗಲು ಪಾಸ್‌ವರ್ಡ್ ಬೇಕು. ಅದು ಯಾರ ಹತ್ತಿರ? ಇನ್ಯಾರ ಹತ್ತಿರ.

"ಅಕ್ಕನ್ನ ಕೇಳಿದ್ರೆ ಒಂದು ನಿಮಿಷದ ಕೆಲಸ" ಅಂದ ಇವನು.

"ಬೇಡ. ನಾನೇ ಏನಾದ್ರೂ ಮಾಡ್ತೀನಿ."

"ಪಾಸ್‌ವರ್ಡ್‌ನ ಏನು ಮಾಡ್ತೀಯ? ಊಹೆನಾ?"

"ಹೂಂ. ಊಹೆ."

ಊಹಿಸಿದೆ. ನಾಲ್ಕಾರು ಊಹೆಗೇ ಡಬ್ಬಿಗೆ ಸಿಟ್ಟು ಬಂದು, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದು ನನ್ನನ್ನು ಹೊರಗೆ ನೂಕಿತು. ಈ ಮನೆಯಲ್ಲಿ ಡಬ್ಬಿಗೂ ಅವಳೇ ಬೇಕು.

ಮಾರ್ಚ್ 7, ಶನಿವಾರ

ನೀಲಿ! ನೀಲಿ ನೀಲಿ ನೀಲಿ! ಮೊದಲಿನಿಂದ ಬರೆಯುತ್ತೇನೆ.

ಪಾಸ್‌ವರ್ಡ್ ಬಂತು. ಕೇಳಿದ್ದು ಇವನು, ನಾನಲ್ಲ. ಏನೆಂದು ಬರೆಯಲಿ — ಪಾಸ್‌ವರ್ಡು ಇವನೇ! ಚಿಕ್ಕವನಿದ್ದಾಗ ಅವಳು ಇವನನ್ನು ಕರೆಯುತ್ತಿದ್ದ ಹೆಸರು: ಗುಂಡುಬನ್ನು. ಮುಂದೊಂದು ಆಶ್ಚರ್ಯಸೂಚಕ ಚಿಹ್ನೆ.

"ನನಗ್ಯಾಕೆ ಹೇಳಿಲ್ಲ?"

"ನನ್ನನ್ನ ಗುಂಡುಬನ್ನು ಅಂತಿದ್ರು ಅಂತ ಯಾವ ಗಂಡ ಹೆಂಡ್ತಿಗೆ ಹೇಳ್ತಾನೆ?"

ನಕ್ಕೆ. ಇವನ ಕೆನ್ನೆ ಹಿಂಡಿ "ಗುಂಡುಬನ್ನೂ" ಎಂದು ಎಳೆದೆ. ಆಮೇಲೆ ಸ್ಟೋರ್ ರೂಮಿನಲ್ಲಿ ಒಬ್ಬಳೇ ಇದ್ದಾಗ ನಗು ಬರಲಿಲ್ಲ. ಇವನ ಬಗ್ಗೆ ಇನ್ನು ಗೊತ್ತಿಲ್ಲದ್ದು ಏನೂ ಉಳಿದಿಲ್ಲವೆಂದು ಮೊನ್ನೆಯಷ್ಟೇ ಅಮ್ಮನಿಗೆ ಫೋನಿನಲ್ಲಿ ಕೊಚ್ಚಿಕೊಂಡಿದ್ದೆ. ಕಪಾಟಿನ ಡಬ್ಬಿಗೆ ಗೊತ್ತಿದ್ದಷ್ಟೂ ನನಗೆ ಗೊತ್ತಿರಲಿಲ್ಲ.

ಒಳಗೆ ಹೋದೆ. ಐದನೇ ಪೋರ್ಟು, ಡೈನಿಂಗ್ ಹಾಲ್. ಮಿಕ್ಕ ಯಾವ ಪೋರ್ಟಿಗೂ ಕಟ್ಟಿಲ್ಲ, ಐದಕ್ಕೆ ಮಾತ್ರ ಕೈಯಾರೆ ಕಟ್ಟಿದ ಮಿತಿ. ಹದಿನೈದು ವ್ಯಾಟ್. ಮೈಯೆಲ್ಲ ಉರಿದುಹೋಯಿತು. ನನ್ನ ತಟ್ಟೆ ಬರುವ ಜಾಗಕ್ಕೇ! ಅದು ವರ್ಷದ ಹಿಂದಿನ ಸೆಟಿಂಗ್, ಆಗ ನಾನೆನ್ನುವವಳು ಇರುವುದೇ ಅವಳಿಗೆ ಗೊತ್ತಿರಲಿಲ್ಲ. ತಲೆಗೆ ಇದೆಲ್ಲ ಗೊತ್ತು. ಹೊಟ್ಟೆಗೆ ಗೊತ್ತಾಗಬೇಕಲ್ಲ.

ಮಿತಿ ಕಿತ್ತುಹಾಕಿದೆ. ತಟ್ಟೆ ಒಮ್ಮೆ ಆರಿ, ಮತ್ತೆ ಹತ್ತಿ... ನೀಲಿ! ಮಾವನ ವಿಡಿಯೊ ಎಲ್ಲೂ ನಿಲ್ಲದೆ ಓಡಿತು. "ಭೇಷ್" ಅಂದರು. ಮಾವ "ಭೇಷ್" ಅಂದರು! ಅತ್ತೆ ನನಗೊಬ್ಬಳಿಗೇ ಇನ್ನೊಂದು ಲೋಟ ಚಹಾ ಮಾಡಿಕೊಟ್ಟರು.

ಪಾಸ್‌ವರ್ಡನ್ನೂ ಬದಲಾಯಿಸಿದೆ. ಹೊಸದು ಯಾರಿಗೂ ಹೇಳಿಲ್ಲ. ಗುಂಡುಬನ್ನಿಗೂ.

ಮಾರ್ಚ್ 10, ಮಂಗಳವಾರ

ಎಂಥ ಸಂಜೆಗಳು! ಶನಿವಾರದಿಂದ ಅತ್ತಿಗೆ ಆನ್‌ಲೈನ್ ಬಂದಿಲ್ಲ. ಮೊದಲೆರಡು ದಿನ ಇವನು ಅಜ್ಜಿಯ ಜೊತೆ ಸ್ವಲ್ಪ ಹೊತ್ತು ಕೂತು, "ಬಿಜಿ ಇರಬೇಕು" ಎಂದು ಎದ್ದು ಬಂದ. ಈಗ ಸುಮ್ಮನೆ ಇಣುಕಿ ಬರುತ್ತಾನೆ. ಆಮೇಲೆ ಅಷ್ಟೂ ಹೊತ್ತು ನನ್ನದು. ಕೆರೆಯ ದಂಡೆಗೆ ಹೋಗುತ್ತೇವೆ. ಅಲ್ಲೊಂದು ಮುರಿದ ಬೆಂಚು, ಇಬ್ಬರು ಕೂತರೆ ಒಬ್ಬರ ಮೇಲೊಬ್ಬರು ಜಾರಲೇಬೇಕು. ಆ ಬೆಂಚನ್ನು ಯಾರೂ ರಿಪೇರಿ ಮಾಡದಿರಲಿ ದೇವರೇ.

ನಿನ್ನೆ ಇವನು ಅಂದ, "ಅಜ್ಜಿ ರೂಮ್ ನೆಟ್ ಒಂದ್ಸಲ ನೋಡು. ಅಲ್ಲೇ ಏನಾದ್ರೂ ಆಗಿರಬಹುದು." ಇವತ್ತು ಮಧ್ಯಾಹ್ನ ಊಟವಾದ ಮೇಲೆ ಹೋಗಿ ನೋಡಿದೆ. ತಟ್ಟೆ ಸರಿ, ಸಿಗ್ನಲ್ ಪೂರ್ತಿ. ಅಜ್ಜಿ ಯಾವುದೋ ಬೆಕ್ಕು ಪಿಯಾನೊ ತುಳಿಯುವ ವಿಡಿಯೊ ನೋಡುತ್ತಿದ್ದರು. "ಚೆನ್ನಾಗಿದೆ ಕಣಮ್ಮಾ!" ಎಂದು ಕೂಗಿದರು. ಕಿವಿ ಕೇಳದವರಿಗೆ ಲೋಕವೆಲ್ಲ ಕಿವುಡು.

ಹಾಗಾದರೆ ನೆಟ್ಟಿನದ್ದಲ್ಲ. ಅತ್ತಿಗೆಗೇ ಪುರುಸೊತ್ತಿಲ್ಲ. ಒಳ್ಳೆಯದೇ ಆಯಿತು... ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

ಮಾರ್ಚ್ 13, ಶುಕ್ರವಾರ

ಮಧ್ಯಾಹ್ನ ಇವನಿಗೆ ಫೋನು. ವರಾಂಡದಲ್ಲಿ ಅಡ್ಡಾಡುತ್ತ ಮಾತಾಡಿದ. ಮಾತು ಕೇಳಿಸಲಿಲ್ಲ. ನಡೆಯುವುದು ನೋಡಿದರೆ ಯಾರೆಂದು ಗೊತ್ತಾಗುತ್ತದೆ. ಅಕ್ಕನ ಜೊತೆ ಮಾತಾಡುವಾಗ ಕಾಲು ಎಳೆಯುತ್ತಾನೆ, ಸ್ಕೂಲಿಗೆ ಹೋಗುವುದಿಲ್ಲ ಎನ್ನುವ ಮಕ್ಕಳ ಹಾಗೆ.

"ಏನಂತೆ?"

"ಏಳು ಗಂಟೆಗೆ ಅಜ್ಜಿ ಸಿಗ್ತಾನೇ ಇಲ್ವಂತೆ. ಅವಳು ದಿನಾ ಮಾಡ್ತಾಳಂತೆ, ರಿಂಗೇ ಆಗಲ್ವಂತೆ. ಅಲ್ಲಿಂದಾನೇ ಸ್ವಿಚ್ ನೋಡೋಣ ಅಂದ್ರೆ ಲಾಗಿನ್ ಆಗ್ತಿಲ್ಲ, ಪಾಸ್‌ವರ್ಡ್ ಬದಲಾಗಿದೆಯಾ ಅಂತ ಕೇಳಿದ್ಲು."

"ಹೌದು. ಬದಲಾಯಿಸಿದೆ. ಸೆಕ್ಯುರಿಟಿ."

"ಯಾರಿಂದ?"

ವರಾಂಡದ ಕುರ್ಚಿಗಳನ್ನು ಸಾಲಾಗಿ ಸರಿಸತೊಡಗಿದೆ. ಇವನು "ಸರಿ" ಅಂದ. ಬೈದಿದ್ದರೆ ವಾಸಿ ಇತ್ತು. "ಅಜ್ಜಿ ರೂಮ್ ನೋಡಿದ್ಯಲ್ಲ?" "ನೋಡಿದೆ. ಎಲ್ಲ ಸರಿ ಇದೆ." ಸುಳ್ಳಲ್ಲ. ನೋಡಿದಾಗ ಸರಿಯೇ ಇತ್ತು.

ಅಲ್ಲಿಂದಾನೇ ನೋಡುವುದಂತೆ! ಅಷ್ಟು ದೂರದಲ್ಲಿ ಕೂತು ನಮ್ಮ ಮನೆಯ ಕಪಾಟಿನೊಳಗೆ ಕೈ ಹಾಕುವುದು!

ಮಾರ್ಚ್ 14, ಶನಿವಾರ, ಸಂಜೆ

ಬೇಗ ಬರೆಯಬೇಕು. ಇವನು ಸ್ಕೂಟರ್ ಒರೆಸುತ್ತಿದ್ದಾನೆ, ಸಿನಿಮಾಕ್ಕೆ ಟಿಕೆಟ್ ತಂದಿದ್ದಾನೆ.

ಬಲ್ಬು ತರಲು ಸ್ಟೋರ್ ರೂಮಿಗೆ ಹೋಗಿದ್ದೆ. ಹೊರಗೆ ಕತ್ತಲು ಇಳಿಯುತ್ತಿತ್ತು. ಕಿಟಕಿಯಾಚೆ, ಹಿತ್ತಲಿನ ಕ್ಯಾಮೆರಾ "ಟಿಕ್" ಅಂದಿತು. ಕತ್ತಲಾದರೆ ತಾನಾಗಿ ರಾತ್ರಿಯ ಕಣ್ಣು ತೆರೆಯುತ್ತದೆ, ಕೆಂಪು ದೀಪಗಳ ಬಳೆ ಹತ್ತುತ್ತದೆ. ಮುಂಬಾಗಿಲಿನದೂ ಅದೇ ಹೊತ್ತಿಗೆ. ಹಿಂದೆಯೇ ಕಪಾಟಿನಲ್ಲಿ ಒಂದು ಹಸಿರು ದೀಪ ಆರಿತು. ಎಂಟನೇ ಪೋರ್ಟು.

ಎಂಟು ಅಂದರೆ ಅಜ್ಜಿಯ ಕೋಣೆ.

ಲ್ಯಾಪ್‌ಟಾಪ್ ತೆರೆದು ನೋಡಿದೆ. ಒಂದೊಂದು ಪೋರ್ಟಿಗೆ ಎಷ್ಟು ಕೊಡಬಹುದೆಂದು ನೋಡಿದ್ದೆನೇ ಹೊರತು, ಡಬ್ಬಿಯ ಒಟ್ಟು ಕಣಜ ಎಷ್ಟೆಂದು ನೋಡಿಯೇ ಇರಲಿಲ್ಲ. ಎಲ್ಲರಿಗೂ ಸೇರಿ ಅರವತ್ತೈದು ವ್ಯಾಟ್. ನನ್ನ ತಟ್ಟೆ ಹೊಟ್ಟೆ ತುಂಬ ಉಂಡರೆ ಹಗಲಿನಲ್ಲಿ ಹೇಗೋ ಸರಿಹೋಗುತ್ತದೆ. ಸಂಜೆ ಇದೇ ಡಬ್ಬಿಯಿಂದ ಉಣ್ಣುವ ಕ್ಯಾಮೆರಾಗಳ ದೀಪ ಹತ್ತಿದೊಡನೆ ಒಟ್ಟು ಮೀರುತ್ತದೆ. ಮೀರಿದರೆ ಡಬ್ಬಿ ಸಾಲಿನ ಕೊನೆಯವರನ್ನು ಎಬ್ಬಿಸಿ ಕಳಿಸುತ್ತದೆ. ಬೆಳಗಾದರೆ ಮತ್ತೆ ಕರೆದು ಕೂರಿಸುತ್ತದೆ. ಅದಕ್ಕೇ ಮಧ್ಯಾಹ್ನ ನೋಡಿದರೆ ಎಲ್ಲ ಸರಿ.

ಐದರ ಮಿತಿ ಮತ್ತೆ ಕಟ್ಟಿದರೆ ಎಂಟು ಹತ್ತುತ್ತದೆ. ಎರಡು ಬಟನ್ನಿನ ಕೆಲಸ. ಆದರೆ ಹತ್ತಿದರೆ ಇವತ್ತು ಅತ್ತಿಗೆ ಬರುತ್ತಾಳೆ, ಇವನು ಅಲ್ಲಿ ಕೂರುತ್ತಾನೆ. ಟಿಕೆಟ್... ಡೈನಿಂಗ್ ಹಾಲ್ ಮತ್ತೆ ಹಳದಿ. ಮಾವ...

ಹಾರ್ನ್ ಹೊಡೆಯುತ್ತಿದ್ದಾನೆ. ನಾಳೆ ಮಾಡುತ್ತೇನೆ. ಒಂದೇ ಒಂದು ಸಂಜೆ.

ಮಾರ್ಚ್ 17, ಮಂಗಳವಾರ

ನಾಳೆ ಎಂದದ್ದು ಭಾನುವಾರ ಆಗಲಿಲ್ಲ. ಸೋಮವಾರವೂ ಆಗಲಿಲ್ಲ. ಆಗಲಿಲ್ಲವೇನು, ಮಾಡಲಿಲ್ಲ.

ಇವತ್ತು ಇವನು ಮಾವನ ಜೊತೆ ಹೊರಗೆ ಹೋಗಿದ್ದ. ಕತ್ತಲಾಗುವ ಹೊತ್ತಿಗೆ ಅತ್ತೆ ನನ್ನ ಕೈಗೆ ಸೂಪಿನ ಬಟ್ಟಲು ಕೊಟ್ಟು "ಅಜ್ಜಿಗೆ ಕೊಟ್ಟು ಬಾಮ್ಮ" ಅಂದರು. ಏಳು ಗಂಟೆಗೆ ಆ ಕೋಣೆಗೆ ನಾನು ಬಹಳ ದಿನದಿಂದ ಹೋಗಿರಲಿಲ್ಲ.

ಅಜ್ಜಿ ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿ, ಒಳ್ಳೆಯ ಶಾಲು ಹೊದ್ದು ಟ್ಯಾಬ್ಲೆಟ್ಟಿನ ಮುಂದೆ ಕೂತಿದ್ದರು. ಕನ್ನಡಕ ಒರೆಸಿ ಹಾಕಿಕೊಂಡಿದ್ದರು. ಟ್ಯಾಬ್ಲೆಟ್ಟಿನಲ್ಲಿ ಬಿಳಿ ಚಕ್ರವೊಂದು ತಿರುಗುತ್ತಿತ್ತು.

"ಬಾ, ಕೂತ್ಕೋ!" ಎಂದು ಕೂಗಿದರು. "ಅವಳು ಬರೋ ಹೊತ್ತು."

ತುಟಿ ಕಾಣುವ ಹಾಗೆ ಎದುರಿಗೆ ಬಗ್ಗಿ ಕೇಳಿದೆ. "ದಿನಾ ಹೀಗೇ ಕೂರ್ತೀರಾ ಅಜ್ಜಿ?"

"ಮತ್ತೆ? ಅವಳು ಬಂದಾಗ ನಾನಿಲ್ಲ ಅಂದ್ರೆ?"

"ಬರ್ತಾಳಾ?"

"ಇವತ್ತೂ ಬರಲ್ಲ ಅನ್ಸುತ್ತೆ. ಮುನಿಸು. ನನ್ನ ಮೇಲೆ." ನನ್ನ ಮಣಿಕಟ್ಟು ಹಿಡಿದು, ಅಲ್ಲಿದ್ದ ವಾಚನ್ನು ಹೆಬ್ಬೆರಳಿನಿಂದ ಉಜ್ಜಿದರು. ಮದುವೆಯಲ್ಲಿ ಅಜ್ಜಿಯೇ ಬಿಚ್ಚಿ ಕಟ್ಟಿದ್ದು, ಅವರ ಸ್ವಂತದ ಪುಟ್ಟ ವಾಚು. "ಇದರ ಮೇಲೆ ಅವಳಿಗೆ ಆಸೆ. ಇಷ್ಟುದ್ದ ಇದ್ದಾಗಿಂದ. ನಿನಗೆ ಕಟ್ಟಿಬಿಟ್ಟೆನಲ್ಲ, ಅದಕ್ಕೇ. ಬಾಯಿಬಿಟ್ಟು ಹೇಳೋ ಹುಡುಗಿ ಅಲ್ಲ ಅದು. ಸುಮ್ಮನಾಗಿಬಿಡುತ್ತೆ."

"ಬಿಚ್ಚಿಕೊಡ್ಲಾ ಅಜ್ಜಿ?"

"ಏಯ್, ಹುಚ್ಚಿ! ಕೊಟ್ಟಿದ್ದನ್ನ ವಾಪಸ್ ಇಸ್ಕೋತಾರಾ? ಹೊಸದಾಗಿ ಬಂದ ಮಗು ನೀನು, ನಿನ್ನ ಕೈ ಖಾಲಿ ಇರಬಾರದು ಅನ್ನಿಸ್ತು, ಕಟ್ಟಿದೆ. ತಪ್ಪೇನಿಲ್ಲ. ಅವಳಿಗೂ ಸಿಟ್ಟು ಇಳಿಯುತ್ತೆ. ನಾನು ಕೂತಿರ್ತೀನಿ, ನನಗೇನು ಬೇರೆ ಕೆಲಸವಾ?" ಆಮೇಲೆ ದನಿ ತಗ್ಗಿಸಿದೆ ಎಂದುಕೊಂಡು ಹಿತ್ತಲಿಗೆಲ್ಲ ಕೇಳುವ ಹಾಗೆ, "ಗಂಡಸರಿಗೆ ಹೇಳ್ಬೇಡ. ನಕ್ಕುಬಿಡ್ತಾರೆ" ಅಂದರು.

ಸೂಪು ಅಲ್ಲೇ ಇಟ್ಟು ಓಡಿದೆ. ಹಿತ್ತಲಿನ ಕಲ್ಲು ಎಡವಿ ಹೆಬ್ಬೆರಳ ಉಗುರು ಕಿತ್ತುಬಂತು. ಸ್ಟೋರ್ ರೂಮು. ಐದಕ್ಕೆ ಹದಿನೈದರ ಮಿತಿ. ಎಂಟಕ್ಕೆ ಮೊದಲ ಆದ್ಯತೆ, ಯಾರಿಗೆ ಇಲ್ಲದಿದ್ದರೂ ಇದಕ್ಕೆ ಮೊದಲು. ಡೈನಿಂಗ್ ಹಾಲ್‌ನಲ್ಲಿ ನನ್ನ ತಟ್ಟೆ ಹಳದಿಗೆ ಇಳಿದಿರಬೇಕು, ನೋಡಲು ಹೋಗಲಿಲ್ಲ. ಎಂಟರ ಹಸಿರು ಹತ್ತಿತು. ತಟ್ಟೆ ಎದ್ದು ಕೂರಲು ಸ್ವಲ್ಪ ಹೊತ್ತು ಬೇಕು. ಕಾದೆ.

ಆಮೇಲೆ ಹಿತ್ತಲಾಚೆಯಿಂದ ಅಜ್ಜಿಯ ಕೂಗು. "ಬಂದ್ಲು! ಏ, ಬಂದ್ಲು ಕಣ್ರೇ!"

ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಓಡಿದರು. ನಾನು ಹೋಗಲಿಲ್ಲ. ಬಲ್ಬಿನ ಪೆಟ್ಟಿಗೆಗಳ ನಡುವೆ ಕೂತು ಅಳು ಬಂದಷ್ಟೂ ಅತ್ತುಬಿಟ್ಟೆ. ನಡುವೆ ಅವರ ನಗು ಕೇಳಿಸಿತು. ಎದ್ದು ಕಿಟಕಿ ಮುಚ್ಚಿಬಿಟ್ಟೆ. ಇಷ್ಟಾದ ಮೇಲೂ!

ಮಾರ್ಚ್ 18, ಬುಧವಾರ

"ಡೈನಿಂಗ್ ಹಾಲ್ ಮತ್ತೆ ಯಾಕೆ ನಿಧಾನ?" ಬೆಳಗ್ಗೆ ಮಾವ. "ನಾಳೆ ಪರೀಕ್ಷೆ ಇಟ್ಕೊಂಡು?"

ಹೇಳಿದೆ. ಪವರಿನ ಲೆಕ್ಕ ಹೇಳಿದೆ. ಅಜ್ಜಿಯ ತಟ್ಟೆ ಸಂಜೆ ಸಂಜೆ ಆರುತ್ತಿದ್ದದ್ದು ನನ್ನಿಂದ ಎಂದೆ. ಮಾವ ಪೇಪರ್ ಮಡಚಿದರು. ಮಡಚಿದ್ದು ಇದೇ ಮೊದಲು.

"ಮಿತಿ ಯಾಕೆ ಹಾಕಿದೀಯ ಅಂತ ಅವಳನ್ನ ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಮೀಸೆ ಮ್ಯಾನೇಜರ್ ಅಲ್ಲೇ ಇದ್ದರು. ಇವನು ಮೇಜಿನ ಕೆಳಗೆ ಕಾಲೂ ತುಳಿಯಲಿಲ್ಲ.

ಮಧ್ಯಾಹ್ನ ನಾನೇ ಫೋನು ಮಾಡಿದೆ. ಮದುವೆಯಾದ ಮೇಲೆ ನಾನಾಗಿ ಮಾಡಿದ್ದು ಇದೇ ಮೊದಲು.

"ಅತ್ತಿಗೆ, ನಾನು."

"ಗೊತ್ತಾಯ್ತು ಹೇಳು. ನಂಬರ್ ಸೇವ್ ಮಾಡ್ಕೊಂಡಿದೀನಿ. ನೀನು ಮಾಡ್ಕೊಂಡಿದೀಯಾ?"

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಶನಿವಾರ ಗೊತ್ತಾದದ್ದು, ಸಿನಿಮಾಕ್ಕೆ ಹೋದದ್ದು.

"ಒಂದ್ನಿಮಿಷ. ಗೊತ್ತಾದ ಮೇಲೂ ಸುಮ್ನಿದ್ದೆ?"

"ಹೂಂ."

"ಎಷ್ಟು ಸಂಜೆ?"

"ಶನಿವಾರ, ಭಾನುವಾರ, ಸೋಮವಾರ."

"ತಡಿ" ಅಂದಳು. "ನನಗೆ ಸಿಟ್ಟು ಬಂದಿದೆ. ಸ್ವಲ್ಪ ಹೊತ್ತು ಸಿಟ್ಟು ಮಾಡ್ಕೊಂಡು ಆಮೇಲೆ ಮಾತಾಡ್ತೀನಿ. ಫೋನ್ ಇಡ್ಬೇಡ."

ಇಡಲಿಲ್ಲ. ಅಲ್ಲಿ ಯಾವುದೋ ಬಾಗಿಲು ಹಾಕಿದ ಸದ್ದು, ನಲ್ಲಿಯ ಸದ್ದು.

"ಹೂಂ. ಅಜ್ಜಿ ಪಾಪ, ವಾಚಿಗೆ ಮುನಿಸಾ ಅಂತ ನಿನ್ನೆ ನನ್ನನ್ನೇ ಕೇಳಿದ್ರು. ಆ ವಾಚು ನನಗೆ ಬೇಕಿತ್ತು, ಸುಳ್ಳು ಹೇಳಲ್ಲ. ಮದುವೆ ದಿನ ನಿನ್ನ ಕೈ ನೋಡಿ ಹೊಟ್ಟೆ ಉರೀತು. ಆದ್ರೆ ಅದಕ್ಕೆ ಅಜ್ಜಿ ಹತ್ರ ಮಾತು ಬಿಡ್ತೀನಾ?"

"ಐದಕ್ಕೆ ಮಿತಿ ಯಾಕೆ ಹಾಕಿದ್ರಿ ಅತ್ತಿಗೆ?"

"ಅಪ್ಪನ ಬುದ್ಧಿ ಗೊತ್ತಲ್ಲ. ಯಾವತ್ತಾದ್ರೂ ಡೈನಿಂಗ್ ಹಾಲ್‌ಗೆ ದೊಡ್ಡದೊಂದು ತಂದು ನೇತು ಹಾಕ್ತಾರೆ, ಆವತ್ತು ಅಜ್ಜಿ ಬಾಯಿಗೆ ಮಣ್ಣು. ಅದಕ್ಕೆ. ದೊಡ್ಡದು ತರೋಳು ಅಪ್ಪ ಅಲ್ಲ, ನೀನು ಅಂತ ಗೊತ್ತಿರ್ಲಿಲ್ಲ." ಮತ್ತೆ ಅವಳೇ, "ಪಾಸ್‌ವರ್ಡ್ ಬದಲಾಗಿದೆ ಅಂತ ಗೊತ್ತಾದಾಗ ಹೇಗಾಯ್ತು ಗೊತ್ತಾ? ಮನೆ ಬೀಗ ಬದಲಾಯಿಸಿ ನನಗೆ ಕೀಲಿ ಕೊಡದ ಹಾಗೆ."

"ಸೆಕ್ಯುರಿಟಿ..." ಎಂದು ಬಾಯಿತಪ್ಪಿ ಬಂತು.

"ಸೆಕ್ಯುರಿಟಿಯಂತೆ, ಸೆಕ್ಯುರಿಟಿ! ಏ, ನಿನಗೇನೇ ಅಷ್ಟು ಭಯ? ದಿನಾ ಏಳು ಗಂಟೆಗೆ ಆ ಗುಂಡುಬನ್ನು ಕೂತು ನಿನ್ನ ಪುರಾಣಾನೇ ಹೇಳ್ತಿದ್ದ. ಅವಳು ಹೀಗಂದ್ಲು, ಅವಳು ಹಾಗೆ ನಕ್ಲು. ನನ್ನ ಅಜ್ಜಿ ಜೊತೆ ನನಗೆ ಮಾತಾಡಕ್ಕೇ ಬಿಡ್ತಿರ್ಲಿಲ್ಲ ಅವನು. ನೀನೇ ಬಂದು ಅವನನ್ನ ಎಬ್ಬಿಸಿ ಕರ್ಕೊಂಡು ಹೋದ್ರೆ ಸಾಕಪ್ಪ ಅಂತ ಕಾಯ್ತಿದ್ದೆ."

ನನ್ನ ಪುರಾಣವೇ? ಅಲ್ಲಿ? ನಾನು ಕಿಟಕಿಯ ಹತ್ತಿರ ನಿಂತು ಉರಿಯುತ್ತಿದ್ದ ಆ ನಗುವೆಲ್ಲ...

ಪರೀಕ್ಷೆಯ ವಿಷಯಕ್ಕೆ ಬಂದೆವು. ಪರೀಕ್ಷೆ ಹಗಲಿನಲ್ಲಿ, ಹಗಲು ಕ್ಯಾಮೆರಾ ದೀಪ ಇಲ್ಲ. ಬೆಳಗ್ಗೆ ಐದರ ಮಿತಿ ಬಿಚ್ಚು, ಸಂಜೆಯೊಳಗೆ ಕಟ್ಟು. ಕಾಯಂ ಪರಿಹಾರಕ್ಕೆ ಇಂಜೆಕ್ಟರ್ ಬೇಕು, ಗೋಡೆಯ ಪ್ಲಗ್ಗಿನಿಂದ ಕರೆಂಟು ತೆಗೆದು ಆ ಒಂದೇ ಕೇಬಲ್ಲಿಗೆ ತುಂಬುವ ಪುಟ್ಟ ಡಬ್ಬಿ. ದೊಡ್ಡ ತಟ್ಟೆಗೆ ಅದರದೇ ಊಟ, ಸ್ವಿಚ್ಚಿನ ಮೇಲೆ ಭಾರವಿಲ್ಲ. "ನನ್ನ ಹತ್ರ ಒಂದಿದೆ. ತರ್ತೀನಿ" ಅಂದಳು.

"ತರ್ತೀನಿ" ಅಂದರೆ?

ಮಾರ್ಚ್ 19, ಗುರುವಾರ

ಹಾಲ್ ತುಂಬ ಬಿಳಿ ಕೋಟಿನ ಹುಡುಗಿಯರು. ನೀಲಿ ದೀಪ. ಒಬ್ಬಳಿಗೂ ಚಕ್ರ ತಿರುಗಲಿಲ್ಲ. ಮುಗಿದ ಮೇಲೆ ಮೇಲ್ವಿಚಾರಕಿ "ನೆಟ್ ಚೆನ್ನಾಗಿತ್ತು" ಎಂದದ್ದಕ್ಕೆ ಮಾವ "ನಮ್ಮ ಹುಡುಗಿಯರೇ ನೋಡ್ಕೋತಾರೆ" ಎಂದರು. ಹುಡುಗಿಯರು. ಬಹುವಚನ. ನುಂಗಿಕೊಂಡೆ. ಅಷ್ಟೇನೂ ಕಹಿ ಇರಲಿಲ್ಲ.

ಬಿಸಿಲು ಇಳಿಯುವ ಮೊದಲೇ ಮಿತಿ ಕಟ್ಟಿದೆ. ಏಳಕ್ಕೆ ನಾನೂ ಹೋದೆ. ಸೈಕಲ್ಲಿನ ಕಥೆ ಪೂರ್ತಿ ಹೇಳಿಸಿಕೊಂಡೆ. ಬಿದ್ದವನು ಇವನಲ್ಲವಂತೆ, ಮಾವ!

ಮಾರ್ಚ್ 20, ಶುಕ್ರವಾರ

ಬರುತ್ತಿದ್ದಾಳೆ! ರಜೆ ಸಿಕ್ಕಿದೆಯಂತೆ. ಇಂಜೆಕ್ಟರ್ ಒಂದು ನೆಪ. ಅಜ್ಜಿಯನ್ನು ನೋಡಬೇಕು.

ಮನೆಯಲ್ಲಿ ಗಲಾಟೆಯೋ ಗಲಾಟೆ. ಅತ್ತೆ ಮೂರು ಸಲ ಹಾಸಿಗೆಯ ಹೊದಿಕೆ ಒಗೆಸಿದರು. ಮೀಸೆ ಮ್ಯಾನೇಜರ್ ಮೀಸೆ ಟ್ರಿಮ್ ಮಾಡಿಸಿಕೊಂಡು ಬಂದಿದ್ದಾರೆ. ಇವನು ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತುತ್ತಾನೆ, ಇಳಿಯುತ್ತಾನೆ. ನಾನು ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ, "ನಾನು ಬರುವಾಗಲೂ ಇಷ್ಟು ಮಾಡಿದ್ರಾ?" ಅತ್ತೆ ಕಣ್ಣರಳಿಸಿದರು. "ನೀನು ಬರ್ತೀಯ ಅಂತ ಇಡೀ ಲಾಡ್ಜಿಗೇ ಬಣ್ಣ ಹೊಡೆಸಿದ್ವಲ್ಲಮ್ಮಾ! ಆ ವಾಸನೆಗೆ ಅರ್ಧ ಗಿರಾಕಿ ಓಡಿಹೋದ್ರು."

ಹೊಸ ಪಾಸ್‌ವರ್ಡ್ ಅವಳಿಗೆ ಮೆಸೇಜ್ ಮಾಡಿದೆ. ಇವನಿಗಿನ್ನೂ ಹೇಳಿಲ್ಲ. ಅದೊಂದು ನಮ್ಮಿಬ್ಬರ ನಡುವೆಯೇ ಇರಲಿ.

"ಸ್ಟೇಷನ್ನಿಗೆ ನಾನು ಹೋಗ್ತೀನಿ" ಅಂದ ಇವನು. "ನೀವು ಬೇಡ ರೀ" ಅಂದೆ. ಮೆಟ್ಟಿಲ ಮೇಲಿದ್ದೆವು, ತಡವರಿಸಲಿಲ್ಲ. ನಾನೊಬ್ಬಳೇ ಹೋಗುತ್ತೇನೆ. ರೈಲಿನಿಂದ ಇಳಿದಾಗ ಅವಳಿಗೆ ಮೊದಲು ಕಾಣಬೇಕಾದದ್ದು ನನ್ನ ಮುಖ. ಇವನದಲ್ಲ. ಹೊಟ್ಟೆಕಿಚ್ಚೇ ಇರಬಹುದು. ಇರಲಿ. ಏನು ಹೇಳಬೇಕೆಂದು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ, ಒಂದೂ ಸರಿಬರಲಿಲ್ಲ. ಮೊದಲು ಬ್ಯಾಗು ಇಸ್ಕೊಳ್ಳಬೇಕು, ಅದು ಖಂಡಿತ. ಕೊಡದಿದ್ದರೆ ಕಿತ್ತುಕೊಳ್ಳುವುದು.

ನಾಡಿದ್ದು ಭಾನುವಾರ, ಬೆಳಗಿನ ಪ್ಯಾಸೆಂಜರ್, ಹಿಂದಿನಿಂದ ಎರಡನೇ ಬೋಗಿ, ನಾನು ಬೇಗ ಹೋಗಿ ಅಲ್ಲೇ ನಿಂತಿರುತ್ತೇನೆ.